ನೂರ ಹದಿನೇಳನೇ ಪುಟದ ಖಾಲಿ ಸಾಲು

ದೀಪ ಬೇಕಾದರೆ ಸಣ್ಣದು ಮಾಡಿ, ಪೂರ್ತಿ ಆರಿಸಬೇಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ರಂಜನಿಗೆ ಆದದ್ದು. ಚೆನ್ನೈನಲ್ಲಿ, ತ್ರಿಪ್ಲಿಕೇನ್‌ನ ದೊಡ್ಡಪ್ಪನ ಮನೆಯಲ್ಲಿ, ಹೋದ ವರ್ಷ...

ಆವತ್ತು ರಂಜನಿ ಪೆರುಂಗುಡಿಯ ಆಫೀಸು ಬಿಟ್ಟಾಗಲೇ ಎಂಟಾಗಿತ್ತು. ಪರಕ್ಕುಂ ರೈಲು ಅನ್ನುತ್ತಾರಲ್ಲ, ಊರಿನ ತಲೆಯ ಮೇಲೆ ಓಡುವ ಲೋಕಲ್ಲು, ಅದನ್ನು ಹಿಡಿದು ತ್ರಿಪ್ಲಿಕೇನ್‌ನಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ಮೆಸ್ಸುಗಳಲ್ಲಿ ಬೆಂಚು ಎತ್ತಿಡುತ್ತಿದ್ದರು. ದೊಡ್ಡಪ್ಪನ ಮನೆ ಹಳೇ ಕಾಲದ್ದು. ಬೀದಿಗೆ ಒಂದು ಸಣ್ಣ ಬಾಗಿಲು, ಒಳಗೆ ಉದ್ದನೆಯ ಇಕ್ಕಟ್ಟು ಸಂದಿ, ಸಂದಿಯ ಕೊನೆಗೆ ಮನೆ. ಸಂದಿಯ ನಡುವೆ, ಎಡಕ್ಕೆ, ಬಾವಿ.

ಬಾವಿ ಅಂದರೆ ಈಗ ಹೆಸರಿಗೆ ಮಾತ್ರ. ಮೂವತ್ತು ವರ್ಷದ ಹಿಂದೆಯೇ ಕಲ್ಲುಮಣ್ಣು ಸುರಿದು ತುಂಬಿಸಿ, ಮೇಲೆ ಕಾಂಕ್ರೀಟಿನ ಚಪ್ಪಡಿ ಎಳೆದಿದ್ದಾರೆ. ಅದರ ಮೇಲೆ ಎರಡು ಹೂವಿನ ಕುಂಡ, ಒಂದು ತುಕ್ಕು ಹಿಡಿದ ಸೈಕಲ್ಲು.

ಸಂದಿಯ ಬಲ್ಬು ಹೋಗಿತ್ತು. ಮೊಬೈಲಿನ ಬೆಳಕು ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ಕ್ರೀಂ... ಕ್ರೀಂ... ಎಣ್ಣೆ ಕಾಣದ ರಾಟೆಯ ಮೇಲೆ ಹಗ್ಗ ಎಳೆದ ಹಾಗೆ. ಅವಳು ನಿಂತಳು. ಸದ್ದೂ ನಿಂತಿತು.

ರಾಟೆಯೇ ಇಲ್ಲದ ಬಾವಿ. ಹಗ್ಗ ಎಲ್ಲಿಂದ ಬರಬೇಕು?

ರಂಜನಿ ಪುಕ್ಕಲಿಯಲ್ಲ. ಪಕ್ಕದ ಲಾಡ್ಜಿನ ಫ್ಯಾನಿರಬೇಕು ಅಂದುಕೊಂಡು ಒಳಗೆ ಹೋದಳು. ಅವಳ ಏಳು ವರ್ಷದ ಮಗಳು ಕೃತಿ ಆಗಲೇ ಚಾಪೆಯ ಮೇಲೆ ಮಲಗಿದ್ದಳು. ದೊಡ್ಡಮ್ಮ ಜಾನಕಮ್ಮ ತಟ್ಟೆ ಮುಚ್ಚಿಟ್ಟುಕೊಂಡು ಕಾಯುತ್ತಿದ್ದರು.

"ಎಷ್ಟೊತ್ತೇ ರಂಜು, ಸಾರು ಆರಿ ತಣ್ಣಗಾಯ್ತು. ಸೀಕ್ರಂ ಕೈ ತೊಳ್ಕೊಂಡು ಬಾ."

ಅವಳು ಆ ಮನೆಗೆ ಬಂದು ಕೂತದ್ದಕ್ಕೂ ಕಾರಣ ಹೇಳಬೇಕಲ್ಲ. ಅವಳ ದೊಡ್ಡಪ್ಪ ವಿಷ್ಣುತೀರ್ಥರು ಇನ್ಶೂರೆನ್ಸ್ ಕಂಪನಿಯಿಂದ ನಿವೃತ್ತರಾದ ಮೇಲೆ ಒಂದು ಕೆಲಸ ಹಚ್ಚಿಕೊಂಡರು. ವಂಶದ ಪುಸ್ತಕ. ಮನೆತನದಲ್ಲಿ ಯಾರು ಯಾರು ಹುಟ್ಟಿದರು, ಯಾರು ಯಾವ ತಿಥಿಯಲ್ಲಿ ಹೋದರು, ಎಲ್ಲ ಹುಡುಕಿ ಹುಡುಕಿ ಹನ್ನೆರಡು ವರ್ಷ ಕಂಪ್ಯೂಟರಿನಲ್ಲಿ ಕುಟ್ಟಿದರು. ಇನ್ನೂರ ತೊಂಬತ್ತು ಪುಟ ಆಯಿತು. ಒಂದು ದಿನ ಬೆಳಿಗ್ಗೆ ಆ ಕಂಪ್ಯೂಟರಿನ ಮುಂದೆಯೇ, ಕುರ್ಚಿಯಲ್ಲಿ ಕೂತ ಹಾಗೆಯೇ ಹೋಗಿಬಿಟ್ಟರು. ಬರುವ ಭಾನುವಾರ ಅವರ ವರ್ಷಾಬ್ದಿಕ. ಅಷ್ಟರೊಳಗೆ ಪುಸ್ತಕ ಅಚ್ಚಾಗಿ ನೆಂಟರ ಕೈಗೆ ಬರಬೇಕು ಅನ್ನುವುದು ಜಾನಕಮ್ಮನ ಹಟ. ಗುರುವಾರ ಬೆಳಿಗ್ಗೆ ಫೈಲು ಕೊಟ್ಟರೆ ಮಾತ್ರ ಸಾಧ್ಯ ಅಂದಿದ್ದರು ಪ್ರೆಸ್ಸಿನವರು.

ರಂಜನಿಯ ಉದ್ಯೋಗವೇ ಅದು. ಮಷೀನುಗಳ ಜೊತೆ ಬರುತ್ತದಲ್ಲ, ಯಾರೂ ಓದದ ದಪ್ಪ ಪುಸ್ತಕ, ಅದನ್ನು ಬರೆದು ಜೋಡಿಸುವವಳು. ಆದರೆ ದೊಡ್ಡಪ್ಪ ಟೈಪು ಮಾಡಿದ್ದು ಓಬೀರಾಯನ ಕಾಲದ ಕನ್ನಡ ಫಾಂಟಿನಲ್ಲಿ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಗಂಡ ಮಧುಸೂದನ್ ರೈಲ್ವೆ ಕೆಲಸದ ಮೇಲೆ ಮಧುರೈಗೆ ಹೋಗಿದ್ದ. ಸರಿ, ಮಗಳನ್ನೂ ಕರೆದುಕೊಂಡು ನಾಲ್ಕು ದಿನ ಇಲ್ಲೇ ಠಿಕಾಣಿ ಹೂಡಿದಳು.

ಮೊದಲ ರಾತ್ರಿ, ಸೋಮವಾರ, ಫೈಲು ತೆರೆದು ನೋಡಿದರೆ ಎಲ್ಲ ಹಳೇ ಪದ್ಧತಿ. ತೀರಿಹೋದವರ ಹೆಸರನ್ನು ದೊಡ್ಡಪ್ಪ ಕೈಯಾರೆ ದೊಡ್ಡದು ಮಾಡಿ, ದಪ್ಪ ಮಾಡಿ, ಕೆಳಗೆ ತಿಥಿ ಬರೆದಿದ್ದರು. ಬದುಕಿರುವವರ ಹೆಸರು ಸಾದಾ ಅಕ್ಷರದಲ್ಲಿ. ನೋಡಲು ಚೆಂದವೇ. ಆದರೆ ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ಅದು ಹೆಡಿಂಗ್ ಅಂತ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಪ್ರತಿ ಹೆಸರಿಗೂ ಹೆಡಿಂಗ್ ಸ್ಟೈಲ್ ಅನ್ನುವ ಗುರುತು ಹಾಕಬೇಕು. ಹಾಕಿದರೆ ಪರಿವಿಡಿ ತಾನಾಗಿ ಹುಟ್ಟುತ್ತದೆ, ಪುಟಸಂಖ್ಯೆ ಸಮೇತ. ಪರಿವಿಡಿಯ ಸಾಲನ್ನು ಒತ್ತಿದರೆ ಸೀದಾ ಆ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. ಗುರುತಿಲ್ಲದವರು ಪರಿವಿಡಿಗೆ ಬರುವ ಹಾಗಿಲ್ಲ.

ಯಾರು ಬರಬೇಕು ಅನ್ನುವುದನ್ನೂ ದೊಡ್ಡಪ್ಪ ಮೊದಲ ಪುಟದಲ್ಲೇ ಬರೆದಿಟ್ಟಿದ್ದರು. ಪರಿವಿಡಿಯಲ್ಲಿ ಹೋದವರು ಮಾತ್ರ ಇರಲಿ, ಶ್ರಾದ್ಧದ ದಿನ ಹುಡುಕಲು ಅನುಕೂಲ. ಇದ್ದವರನ್ನು ಹುಡುಕುವುದಕ್ಕೆ ಫೋನಿದೆ.

ಅದನ್ನು ಓದಿ ರಂಜನಿಗೆ ನಗು ಬಂತು, ಕಣ್ಣೂ ತುಂಬಿತು. ಏನೂ ಗುರುತಿಲ್ಲದ ಫೈಲು ತಾನೆ, ಏನು ಬರುತ್ತದೋ ನೋಡೋಣ ಅಂತ ಸುಮ್ಮನೆ ಪರಿವಿಡಿ ಹಾಕಿದಳು. ಏನೂ ಸಿಗಲಿಲ್ಲ ಅಂತ ಒಂದು ಮಾತು ಬರಬೇಕಿತ್ತು.

ಬಂದದ್ದು ಒಂದು ಸಾಲು.

ಹೆಸರಿಲ್ಲ. ಈ ತುದಿಯಿಂದ ಆ ತುದಿಗೆ ಬರೀ ಚುಕ್ಕಿ... ಕೊನೆಗೆ 117.

ಒತ್ತಿದಳು. ನೂರ ಹದಿನೇಳನೇ ಪುಟ ತೆರೆಯಿತು. ಅವಳ ಮುತ್ತಜ್ಜನ ಮಕ್ಕಳ ಪುಟ. ಮೇಲೆ ಅವಳ ತಾತ ವಿಠ್ಠಲರಾಯರ ಹೆಸರು. ಕೆಳಗೆ ತಾತನ ತಂಗಿ ಸುಮತಿ. ಇಬ್ಬರ ನಡುವೆ ಒಂದು ಖಾಲಿ ಸಾಲು. ಇಡೀ ಪುಸ್ತಕದಲ್ಲಿ ಒಂದಕ್ಕೂ ಹೆಡಿಂಗ್ ಗುರುತು ಹಾಕಲು ಬಾರದಿದ್ದ ದೊಡ್ಡಪ್ಪ ಆ ಖಾಲಿ ಜಾಗಕ್ಕೆ ಮಾತ್ರ ಸರಿಯಾಗಿ ಹಾಕಿದ್ದರು.

ಕೈತಪ್ಪಿ ಆಗಿರಬೇಕು. ಖಾಲಿ ಹೆಡಿಂಗ್ ಕಂಡರೆ ಅಳಿಸುವುದು ಅವಳ ಕಸುಬಿನ ಚಾಳಿ, ಅಂಗಳದಲ್ಲಿ ಕಸ ಕಂಡರೆ ಪೊರಕೆಗೆ ಕೈ ಹೋಗುವ ಹಾಗೆ. ಅಳಿಸಿದಳು. ಹೊರಗೆ ಸಂದಿಯಲ್ಲಿ ಒಮ್ಮೆ... ಕ್ರೀಂ... ಅಂತು. ಕಂಪ್ಯೂಟರ್ ಮುಚ್ಚಿ ಮಲಗಿದಳು.

ಮಂಗಳವಾರ ಸಂಜೆ ಬಂದಾಗ ಕೃತಿ ಇನ್ನೂ ಎದ್ದಿದ್ದಳು. ಮದ್ರಾಸಿನಲ್ಲಿ ಹುಟ್ಟಿದ ಮಕ್ಕಳು ಗೊತ್ತಲ್ಲ, ನಾವು ಕನ್ನಡದಲ್ಲಿ ಕೇಳಿದರೆ ಅವರು ತಮಿಳಿನಲ್ಲಿ ಹೇಳುತ್ತಾರೆ.

"ಸ್ಕೂಲಿಂದ ಬಂದು ಏನ್ ಮಾಡಿದೆ, ಪುಟ್ಟಾ?"

"ಅಕ್ಕಾ ಕೂಡ ವಿಳೈಯಾಡಿನೇನ್." ಅಕ್ಕನ ಜೊತೆ ಆಡಿದೆ ಅಂತ.

"ಯಾವ ಅಕ್ಕ?"

"ಪೇರ್ ಇಲ್ಲಾದ ಅಕ್ಕಾ."

ಹೆಸರಿಲ್ಲದ ಅಕ್ಕ. ಪಕ್ಕದ ಪೋರ್ಷನ್ನಿನ ಹುಡುಗಿ ಇರಬೇಕು, ಹೆಸರು ಕೇಳಿಕೊಂಡಿಲ್ಲ ಅಷ್ಟೇ, ಅಂತ ರಂಜನಿ ಸುಮ್ಮನಾದಳು. ಪಕ್ಕದ ಪೋರ್ಷನ್ ಖಾಲಿ ಬಿದ್ದು ಆರು ತಿಂಗಳಾಗಿದ್ದು ಅವಳಿಗೆ ಆಗ ನೆನಪಾಗಲಿಲ್ಲ.

ಆ ರಾತ್ರಿ ಕೆಲಸ ಜೋರಾಗಿ ಸಾಗಿತು. ದಪ್ಪ ಅಕ್ಷರದ ಹೆಸರುಗಳನ್ನೆಲ್ಲ ಒಟ್ಟಿಗೆ ಆರಿಸಿ ಹೆಡಿಂಗ್ ಗುರುತು ಹಾಕಿದಳು. ತಕ್ಷಣ ಕನ್ನಡವೆಲ್ಲ ಗೋಜಲಾಯಿತು. ಸ್ಟೈಲಿನೊಳಗೆ ಫಾಂಟು ಬದಲಿಸಿದಳು, ಹೆಸರುಗಳು ಮತ್ತೆ ಮುಖ ತೋರಿಸಿದವು. ಪರಿವಿಡಿ ಅಪ್‌ಡೇಟ್ ಮಾಡಿದಳು. ಸರಸರನೆ ಇಳಿಯಿತು ಪಟ್ಟಿ. ಆರು ತಲೆಮಾರಿನ ಹೋದವರೆಲ್ಲ ಸಾಲಾಗಿ ಬಂದು ನಿಂತರು. ಅವರ ನಡುವೆ...

ಚುಕ್ಕಿ... ಚುಕ್ಕಿ... 204.

ಒತ್ತಿದಳು. ಅದು ಅವಳ ಅಪ್ಪ, ದೊಡ್ಡಪ್ಪ ಇವರ ತಲೆಮಾರಿನ ಪುಟ. ದೊಡ್ಡಪ್ಪನ ಹೆಸರಿನ ಕೆಳಗೆ ಒಂದು ಖಾಲಿ ಸಾಲು. ನಿನ್ನೆ ಆ ಜಾಗದಲ್ಲಿ ಏನೂ ಇರಲಿಲ್ಲ ಅನ್ನಿಸಿತು. ಮತ್ತೆ ಅಳಿಸಿದಳು.

ಕ್ರೀಂ... ಕ್ರೀಂ... ಈ ಸಲ ಸದ್ದಿನ ಹಿಂದೆ ಇನ್ನೊಂದು. ತೊಟ್... ತೊಟ್... ತುಂಬಿದ ಬಿಂದಿಗೆಯಿಂದ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುವ ಸದ್ದು. ಜಾನಕಮ್ಮ ನಿದ್ದೆಯಲ್ಲಿ ಮಗ್ಗುಲು ಬದಲಿಸಿದರು.

ಬುಧವಾರ. ಕೊನೆಯ ರಾತ್ರಿ. ಬೆಳಗಾದರೆ ಫೈಲು ಪ್ರೆಸ್ಸಿಗೆ ಹೋಗಬೇಕು. ಕೃತಿ ಊಟ ಸರಿಯಾಗಿ ಮಾಡದೆ ಮಲಗಿದ್ದಳು, ಕೈ ತಣ್ಣಗಿತ್ತು. ರಂಜನಿ ಅವಳಿಗೆ ಹೊದಿಸಿ, ಕಂಪ್ಯೂಟರ್ ಮುಂದೆ ಕೂತು, ಅಪ್‌ಡೇಟ್ ಒತ್ತಿದಳು.

251.

ಹೋದಳು. ಆ ಪುಟದಲ್ಲಿ ಇದ್ದದ್ದು ಅವಳದೇ ಹೆಸರು. ರಂಜನಿ, ಸಾದಾ ಅಕ್ಷರದಲ್ಲಿ. ಅದರ ಕೆಳಗೆ, ಅಂಟಿಕೊಂಡ ಹಾಗೆ, ಖಾಲಿ ಸಾಲು. ಪಕ್ಕದಲ್ಲಿ ಹೆಡಿಂಗಿನ ಗುರುತು.

ಆದರೂ ಚಾಳಿ ಬಿಡಬೇಕಲ್ಲ... ಅಳಿಸಿದಳು. ಅಳಿಸಿದ ಮೇಲೆ ಹೆದರಿಕೆ ಬಂತು. ಎದ್ದು ಹೋಗಿ ದೊಡ್ಡಮ್ಮನ ತೋಳು ಮುಟ್ಟಿದಳು.

"ದೊಡ್ಡಮ್ಮಾ... ತಾತನಿಗೂ ಸುಮತತ್ತೆಗೂ ನಡುವೆ ಇನ್ನೊಂದು ಮಗು ಇತ್ತಾ?"

ಜಾನಕಮ್ಮ ಕಣ್ಣು ಬಿಟ್ಟರು. ಆಮೇಲೆ ಎದ್ದು ಕೂತು, ಮಲಗಿದ್ದ ಕೃತಿಯ ಕಡೆ ನೋಡಿ, ಪಿಸುಗುಟ್ಟಿದರು.

"ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ಪುಸ್ತಕದಲ್ಲಿ ಖಾಲಿ ಜಾಗ ಇತ್ತು."

"ಅವರೇ ಬಿಟ್ಟಿದ್ದು. ಹೋಗೋ ಹಿಂದಿನ ರಾತ್ರಿ ನನ್ನ ಕೇಳಿದ್ರು, ಆ ಕೂಸಿನ ಹೆಸರು ಬರೀಲಾ ಅಂತ. ಬೇಡಾ ಅಂದೆ. ಜಾಗನಾದ್ರೂ ಬಿಟ್ಟಿರ್ತೀನಿ ಅಂದ್ರು. ಬೆಳಿಗ್ಗೆ ನೋಡಿದ್ರೆ..."

ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಿಮ್ಮ ತಾತನ ಬೆನ್ನಿಗೆ ಹುಟ್ಟಿದ ಹೆಣ್ಣು. ಪಾವಂ, ಏಳು ವರ್ಷ. ಮನೇಲಿ ಏನೋ ಊಟದ ಗಲಾಟೆ, ನೀರು ಸೇದಕ್ಕೆ ಕಳಿಸಿದಾರೆ. ದುಡುಂ ಅಂತ ಸದ್ದಾಯ್ತಂತೆ. ಕೊಡ ಬಿತ್ತು ಅಂತ ಎಲ್ಲರೂ ಅಂದ್ಕೊಂಡರು. ಪಂಕ್ತಿ ಎದ್ದ ಮೇಲೇ ಹೋಗಿ ನೋಡಿದ್ದು."

ಜಾನಕಮ್ಮ ಸಂದಿಯ ಬಾವಿಯ ಕಡೆ ಕೈ ತೋರಿಸಿದರು.

"ಅಷ್ಟು ಸಣ್ಣ ಮಕ್ಕಳಿಗೆ ಶ್ರಾದ್ಧ ಅಂತ ಇಲ್ಲ. ತಿಥೀನೂ ಯಾರೂ ಗುರುತಿಟ್ಟಿಲ್ಲ. ವರ್ಷ ತುಂಬೋದರೊಳಗೆ ಇನ್ನೊಂದು ಹೆಣ್ಣು ಹುಟ್ತು. ಹೋದವಳೇ ತಿರುಗಿ ಬಂದಳು ಅಂತ ಸಂತೋಷಪಟ್ಟು, ಅವಳ ಹೆಸರನ್ನೇ ಇದಕ್ಕೂ ಇಟ್ಟರು. ಬಂದೇಬಿಟ್ಟಳಲ್ಲ, ಇನ್ನು ಹೋದವಳು ಅಂತ ಯಾರಿದಾರೆ? ಅತ್ತದ್ದೂ ಅಲ್ಲಿಗೇ ನಿಂತಿತು."

"ಸುಮತಿ..." ಅಂದಳು ರಂಜನಿ.

"ಆಮಾ, ಅದೇ ಹೆಸರು. ನಿಮ್ಮಪ್ಪನ್ನೂ ನಮ್ಮನೆಯವರನ್ನೂ ಸಾಕಿದ ಸುಮತತ್ತೆ ಆ ಎರಡನೆಯವಳು. ಅವರು ಸಾಯೋ ಮುಂಚೆ ನನ್ನ ಕೈ ಹಿಡ್ಕೊಂಡು ಒಂದು ಮಾತು ಅಂದ್ರು. ಜಾನಕೀ, ಈ ಹೆಸರು ನಂದಲ್ಲ, ಇದರ ಒಡತಿ ಸಂದಿಯಲ್ಲಿ ಕಾಯ್ತಾ ಇದಾಳೆ, ಅಂತ."

ಇಬ್ಬರೂ ಒಂದೇ ಸಲ ಕೃತಿಯ ಕಡೆ ನೋಡಿದರು. ಸುಮತತ್ತೆಯ ಮೇಲಿನ ಪ್ರೀತಿಗೆ ರಂಜನಿ ಮಗಳ ತೊಟ್ಟಿಲ ಹೆಸರು ಸುಮತಿ ಅಂತಲೇ ಇಟ್ಟಿದ್ದಳು. ಕರೆಯುವುದಕ್ಕೆ ಕೃತಿ, ಕಿವಿಯಲ್ಲಿ ಮೂರು ಸಲ ಹೇಳಿದ್ದು ಸುಮತಿ.

"ನೀನು ಆ ಹೆಸರು ಕರೆದಾಗ ನನ್ನ ಎದೆ ಧಸಕ್ಕಂತು ಕಣೇ. ಶುಭಕಾರ್ಯ... ಎಲ್ಲರ ಎದುರಿಗೆ ಹೇಗೆ ಬಾಯಿ ಬಿಡಲಿ? ತಪ್ಪು ಮಾಡಿದೆ." ಜಾನಕಮ್ಮ ರಂಜನಿಯ ಕೈ ಹಿಡಿದರು. "ಆ ಖಾಲಿ ಸಾಲು ಈಗ ಎಲ್ಲಿದೆ?"

"ಅಳಿಸಿದೆ."

"ಎಷ್ಟು ಸಲ?"

"ಮೂರು."

ಅಳಿಸಿದಾಗಲೆಲ್ಲ ಅದು ಒಂದೊಂದು ತಲೆಮಾರು ದಾಟಿ ಇತ್ತ ಬಂದಿತ್ತು. ತಾತನ ಪುಟದಿಂದ ಅಪ್ಪನ ಪುಟಕ್ಕೆ. ಅಪ್ಪನ ಪುಟದಿಂದ ತನ್ನ ಪುಟಕ್ಕೆ. ಇನ್ನು ಉಳಿದದ್ದು ಒಂದೇ ತಲೆಮಾರು. ರಂಜನಿ ಕಂಪ್ಯೂಟರಿಗೆ ಓಡಿದಳು. ಅಪ್‌ಡೇಟ್ ಒತ್ತಿದಳು.

288.

ಒತ್ತಿದಳು. ಖಾಲಿ ಸಾಲು. ಅದರ ಕೆಳಗೇ, ದೊಡ್ಡಪ್ಪ ಬರೆದಿಟ್ಟ ಹಾಗೆ: ಕೃತಿ, ತೊಟ್ಟಿಲ ಹೆಸರು ಸುಮತಿ. ನೋಡನೋಡುತ್ತಿದ್ದಂತೆ ಆ ಕೊನೆಯ ಹೆಸರಿನ ಅಕ್ಷರ ಮಾತ್ರ ದಪ್ಪವಾಯಿತು. ಹೋದವರ ಹೆಸರಿನ ಹಾಗೆ.

ಕ್ರೀಂ... ಕ್ರೀಂ... ಕ್ರೀಂ... ಈಗ ಸದ್ದು ನಿಲ್ಲಲಿಲ್ಲ.

"ರಂಜೂ," ಅಂದರು ಜಾನಕಮ್ಮ. "ಮಗು ಎಲ್ಲಿ?"

ಚಾಪೆ ಖಾಲಿ ಇತ್ತು. ಹೊದಿಕೆ ಮಡಿಸದೆ ಬಿದ್ದಿತ್ತು. ಬಾಗಿಲಿನ ಅಗಳಿ ತೆಗೆದಿತ್ತು. ಅಗಳಿ ಕೃತಿಯ ಕೈಗೆ ಎಟುಕುವಷ್ಟು ಕೆಳಗಿಲ್ಲ.

ಸಂದಿಯಲ್ಲಿ, ಕತ್ತಲಲ್ಲಿ, ಕೃತಿ ಬಾವಿಯ ಚಪ್ಪಡಿಯ ಮೇಲೆ ನಿಂತಿದ್ದಳು. ಒಂದು ಕೈ ಮುಂದಕ್ಕೆ ಚಾಚಿತ್ತು, ಯಾರದೋ ಕೈ ಹಿಡಿದ ಹಾಗೆ. ರಂಜನಿ ಹೋಗಿ ಸೊಂಟ ಹಿಡಿದು ಎಳೆದಳು. ಮಗು ಕದಲಲಿಲ್ಲ. ಇಪ್ಪತ್ತು ಕೆಜಿಯ ಮಗು, ಒರಳುಕಲ್ಲಿನ ಹಾಗೆ ಕೂತುಬಿಟ್ಟಿತ್ತು ಕಾಲು.

ಕೃತಿ ತಿರುಗಿ ನೋಡಿದಳು. ಹೆದರಿದ ಮುಖವಲ್ಲ. ಪೆನ್ಸಿಲ್ ಕೊಡಲೋ ಬೇಡವೋ ಅಂತ ಕೇಳುವ ಮುಖ.

"ಅಮ್ಮಾ, ಅಕ್ಕಾ ಪೇರು ಕೇಕ್ಕರಾ. ಕುಡುತ್ತುಡಟ್ಟುಮಾ?"

ಅಕ್ಕ ಹೆಸರು ಕೇಳ್ತಿದಾಳೆ, ಕೊಟ್ಟುಬಿಡಲಾ?

ಕೊಟ್ಟುಬಿಡು ಅಂದರೆ ಹೆಸರೊಂದೇ ಹೋಗುತ್ತದೋ, ಹೆಸರಿನ ಜೊತೆ ಮಗುವೂ ಹೋಗುತ್ತದೋ... ಯಾರಿಗೆ ಗೊತ್ತು? ರಂಜನಿ ಮಗಳ ಕಿವಿಗೆ ಬಾಯಿಟ್ಟು, ಹೆಸರಿಟ್ಟ ದಿನ ಹೇಳಿದ ಹಾಗೆಯೇ ಮೆಲ್ಲಗೆ ಹೇಳಿದಳು.

"ನೀನು ಕೊಡಬೇಡ, ಚಿನ್ನಾ. ಇಟ್ಟವಳು ನಾನು. ವಾಪಸು ಕೊಡೋದೂ ನಾನೇ. ಅಕ್ಕನಿಗೆ ಹೇಳು, ಒಂದು ನಿಮಿಷ ಇರು ಅಂತ."

ಕೃತಿ ಕತ್ತಲ ಕಡೆ ತಿರುಗಿ ಏನೋ ಹೇಳಿದಳು. ತಮಿಳಲ್ಲ. ಅಚ್ಚ ಕನ್ನಡ. ಮದ್ರಾಸಿನ ನಮ್ಮ ಹಳಬರು ಆಡುತ್ತಿದ್ದಂಥ ಕನ್ನಡ, ಆ ಮಗು ಹುಟ್ಟಿದಾಗಿನಿಂದ ಬಾಯಲ್ಲಿ ಆಡದ ಕನ್ನಡ. ರಾಟೆಯ ಸದ್ದು ನಿಂತಿತು.

ಜಾನಕಮ್ಮ ಆಚಾರ ಗೀಚಾರ ನೋಡಲಿಲ್ಲ, ಆ ಚಪ್ಪಡಿಯ ಮೇಲೆಯೇ ಮಂಡಿಯೂರಿ ಕೂತು ಮಗುವನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡರು. "ಹೋಗೇ, ಬೇಗ ಬರಿ," ಅಂದರು.

ಓಡಿದಳು. ನೂರ ಹದಿನೇಳನೇ ಪುಟ. ತಾತನ ತಿಥಿಯ ಕೆಳಗೆ ಎಂಟರ್ ಒತ್ತಿದಳು. ಹಳೇ ಫಾಂಟು, ಅವಳಿಗೆ ರೂಢಿಯಿಲ್ಲದ ಕೀಲಿಗಳು, ಎರಡು ಸಲ ಕೊಂಬು ತಪ್ಪಿತು. ಮೂರನೇ ಸಲ ಸರಿಯಾಗಿ ಬಂತು. ಸುಮತಿ. ಹೆಡಿಂಗ್ ಗುರುತು ಹಾಕಿದಳು. ತಿಥಿ ಗೊತ್ತಿಲ್ಲ. ಕೆಳಗೆ ಬರೆದದ್ದು ಇಷ್ಟೇ: ಏಳು ವರ್ಷ ಇದ್ದಳು, ಈ ಮನೆಯ ಮಗಳು.

ಆಮೇಲೆ ಇನ್ನೂರ ಎಂಬತ್ತೆಂಟಕ್ಕೆ ಹೋದಳು. ಮಗಳ ಹೆಸರಿನ ಮುಂದಿನ ಮೂರು ಪದ ಆರಿಸಿಕೊಂಡಳು. ಸುಮತತ್ತೆಯ ಮಡಿಲಲ್ಲಿ ಬೆಳೆದ ಅಪ್ಪನ ನೆನಪಾಯಿತು. ಕಣ್ಣು ಒರೆಸಿಕೊಂಡು ಅಳಿಸಿದಳು. ಕೃತಿ ಅಂತಷ್ಟೇ ಉಳಿಯಿತು.

ಅಪ್‌ಡೇಟ್.

ಚುಕ್ಕಿಗಳ ಖಾಲಿ ಸಾಲು ಎಲ್ಲೂ ಇರಲಿಲ್ಲ. ವಿಠ್ಠಲರಾಯರ ಕೆಳಗೆ ಬಂದಿತ್ತು: ಸುಮತಿ, 117.

ಹೊರಗೆ ದುಡುಂ ಅಂತು. ತುಂಬಿದ ನೀರಿಗೆ ಕೊಡ ಬಿದ್ದ ಸದ್ದು. ಕಲ್ಲುಮಣ್ಣು ತುಂಬಿದ ಬಾವಿ ಅದು ಅಂತ ಆಗಲೇ ಹೇಳಿದೆನಲ್ಲ. ಅವಳು ಹೊರಗೆ ಓಡಿಬಂದಾಗ ಕೃತಿ ಜಾನಕಮ್ಮನ ಹೆಗಲ ಮೇಲೆ ಗಾಢ ನಿದ್ದೆಯಲ್ಲಿದ್ದಳು, ಎತ್ತಿದರೆ ಹೂವಿನಷ್ಟು ಹಗುರ. ಜಾನಕಮ್ಮನ ಸೀರೆ ಅಂಚಿನಿಂದ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ಪುಸ್ತಕ ಸಮಯಕ್ಕೆ ಬಂತು. ಭಾನುವಾರ ವರ್ಷಾಬ್ದಿಕ ಮುಗಿದು, ಊಟವೂ ಆಗಿ, ಕತ್ತಲಾಗುವ ಹೊತ್ತಿಗೆ ಹತ್ತಿರದ ನೆಂಟರು ಮೂವತ್ತು ಜನ ನಡುಮನೆಯಲ್ಲಿ ಉಳಿದಿದ್ದೆವು. ಹೌದು, ನಾನೂ ಇದ್ದೆ. ಮಕ್ಕಳೆಲ್ಲ ಮಹಡಿಯ ಮೇಲೆ ಆಡುತ್ತಿದ್ದರು. ಕೃತಿ ಮಾತ್ರ ರಂಜನಿಯ ತೊಡೆಯ ಮೇಲಿದ್ದಳು. ಹೋದವರನ್ನೆಲ್ಲ ಒಂದು ಸಲ ನೆನೆಯೋಣ ಅಂತ ಜಾನಕಮ್ಮ ಕನ್ನಡಕ ಹಾಕಿಕೊಂಡು ಪರಿವಿಡಿಯನ್ನು ಗಟ್ಟಿಯಾಗಿ ಓದುತ್ತಾ ಹೋದರು. ಒಂದು ಹೆಸರು, ಒಂದು ಕ್ಷಣ ಮೌನ. ಇನ್ನೊಂದು ಹೆಸರು. ವಿಠ್ಠಲರಾಯರ ಹೆಸರು ಬಂತು. ಆಮೇಲೆ ಅವರು ಓದಿದರು.

"ಸುಮತಿ."

"ಓ..." ಅಂತು ಸಂದಿಯ ಕಡೆಯಿಂದ.

ಸಣ್ಣ ದನಿ. ಯಾರೋ ಕರೆದರಲ್ಲ ಅಂತ ಆಟ ಬಿಟ್ಟು ಓಗೊಟ್ಟ ಹಾಗೆ. ಮೂವತ್ತು ಜನರೂ ಕೇಳಿದೆವು. ಯಾವುದೋ ಮಗು ಕೆಳಗಿಳಿದು ಬಂದಿದೆ ಅಂತ ಯಾರೋ ಬಾಗಿಲಿಗೆ ಹೋಗಿ ನೋಡಿ, ಏನೂ ಹೇಳದೆ ಬಂದು ಕೂತರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನ್ನ ಈ ಎರಡು ಕಿವಿಯಲ್ಲಿ ಕೇಳಿದ್ದು. ರಂಜನಿ ಮಗಳನ್ನು ಎದೆಗೆ ಒತ್ತಿಕೊಂಡಳು. ಕೃತಿ ತಲೆ ಕೂಡ ಎತ್ತಲಿಲ್ಲ.

ಪರಿವಿಡಿಯ ಮುಂದಿನ ಸಾಲು ಸುಮತತ್ತೆಯದು. ಹೆಸರು ಅದೇ. ಜಾನಕಮ್ಮ ಅದರ ಮೇಲೆ ಬೆರಳಿಟ್ಟು ಸಂದಿಯ ಕಡೆ ನೋಡಿದರು. ಅದನ್ನು ಓದದೆ, ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದರು.